ರೀಲಿಲ್ಲದ ಕ್ಲಿಕ್ಕುಗಳ ಲೆಕ್ಕ

ಹೋದ ವರ್ಷ ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಆನವಟ್ಟಿಯಿಂದ ಒಬ್ಬ ಮೇಡಂ ಬಂದಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಅಂಜನಾಪುರದ ಡ್ಯಾಮಿಗೆ ಬರುವ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಅವರಿಗೆ. ಕೊಟ್ಟ ಕಾಫಿ ಆರುತ್ತಿದ್ದರೂ ಕಣ್ಣೆತ್ತಿ ನೋಡದೆ ಲ್ಯಾಪ್‌ಟಾಪ್ ತೆಗೆದು, ಕ್ಯಾಮೆರಾಕ್ಕೆ ವೈರು ಚುಚ್ಚಿ, ಯಾವುದೋ ಸಾಫ್ಟ್‌ವೇರ್ ತೆರೆದರು.

"ಏನ್ ಮೇಡಂ, ಜಾತಕ ನೋಡ್ತಿದೀರಾ?" ಅಂದೆ.

"ಶಟರ್ ಕೌಂಟ್ ಸರ್. ಈ ಕ್ಯಾಮೆರಾ ಹುಟ್ಟಿದಾಗಿಂದ ಎಷ್ಟು ಸಲ ಒತ್ತಿದೀರಿ ಅನ್ನೋದು ಇದರೊಳಗೇ ಬರೆದಿರುತ್ತೆ. ಒತ್ತಿದಷ್ಟೂ ಶಟರ್, ಅಂದ್ರೆ ಒಳಗೆ ಬೆಳಕು ಬಿಡೋ ಬಾಗಿಲು, ಸವೆಯುತ್ತಲ್ಲ."

ನಾನು ಮೊದಲೇ ಬಾಯಲ್ಲಿ ಎಂಬತ್ತು ಸಾವಿರ ಇರಬಹುದು ಅಂದಿದ್ದೆ. ಪರದೆಯ ಮೇಲೆ ಎಂಬತ್ತೊಂದು ಸಾವಿರ ಚಿಲ್ಲರೆ ಬಂತು. ಮೇಡಂ ನಕ್ಕು, "ಪರವಾಗಿಲ್ಲ, ನೀವು ಸುಳ್ಳು ಹೇಳೋರಲ್ಲ ಸರ್" ಅಂದರು.

ಆ ಮಾತು ಕೇಳಿ ನನಗೆ ಒಳಗೇ ಚುರುಕ್ ಅಂದಿತು. ಸುಳ್ಳು ಹೇಳದವನಂತೆ ನಾನು! ತೊಂಬತ್ತರ ದಶಕದಲ್ಲಿ ಈಸೂರಿನ ಒಂದು ಮದುವೆಯಲ್ಲಿ ಹನ್ನೊಂದು ಹೆಂಗಸರ ಮುಖಕ್ಕೇ ಸುಳ್ಳು ಹೇಳಿದ್ದೆ, ಅದೂ ಬಾಯಿ ಬಿಡದೆ, ಬರೀ ಬೆರಳಿನಲ್ಲಿ. ಆ ಸುಳ್ಳಿನಿಂದ ನನ್ನನ್ನು ಎತ್ತಿ ಹೊರಗೆ ಹಾಕಿದವರು ಇಬ್ಬರು. ಇಬ್ಬರೂ ಈಗಿಲ್ಲ. ಅವರಿಬ್ಬರೂ ಸಿಗದೆ ಹೋಗಿದ್ದರೆ ನಾನು ಇವತ್ತು ಎಂಥ ಮನುಷ್ಯ ಆಗಿರುತ್ತಿದ್ದೆನೋ, ಯೋಚಿಸಿದರೆ ಹೆದರಿಕೆಯಾಗುತ್ತದೆ.

ಆಗ ನಾನು ಸೊರಬದಲ್ಲಿ ಬೋರ್ಡು ಬರೆಯುತ್ತಿದ್ದೆ. ಅಂಗಡಿಯ ಬೋರ್ಡು, ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಹೆಸರು, ಶಾಲೆಯ ಗೋಡೆಗೆ ಭೂಪಟ. ಕೈ ಚೆನ್ನಾಗಿತ್ತು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಶಿಕಾರಿಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಒಬ್ಬರು ನನ್ನನ್ನು ಕರೆಸಿ ಪರದೆ ಬರೆಯಲು ಹೇಳಿದರು. ಜನ ನಿಂತು ಫೋಟೋ ತೆಗೆಸಿಕೊಳ್ಳುವಾಗ ಹಿಂದೆ ಇಳಿಬಿಡುವ ದೊಡ್ಡ ಬಟ್ಟೆಯ ಪರದೆ. ಅವರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ವ್ಯಾಪಾರದ ಮನೆತನದ, ಹಣೆಗೆ ವಿಭೂತಿ ಹಚ್ಚದೆ ಅಂಗಡಿ ಬಾಗಿಲು ತೆಗೆಯದ ಮನುಷ್ಯ. ಮೆಟ್ಟಿಲು, ಕಂಬ, ಕೊಳ, ಕೊಳದಲ್ಲಿ ಎರಡು ಹಂಸ ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಇದು ಹಂಸನೇನೋ ಸರಿ. ಇದು ಯಾರ ಮನೆ ಕೋಳಿ ಮಾರಾಯ?" ಅಂದರು. ನಾನು ಕುಂಚ ಎಸೆದು ಹೊರಟೇಬಿಟ್ಟೆ. ಬಸ್‌ಸ್ಟ್ಯಾಂಡಿನವರೆಗೆ ಬಂದು, ಟೀ ಕುಡಿಸಿ, ವಾಪಸ್ ಕರೆದುಕೊಂಡು ಹೋದರು.

ಮೂರು ಪರದೆ ಬರೆಯುವಷ್ಟರಲ್ಲಿ ಕ್ಯಾಮೆರಾದ ಹುಚ್ಚು ನನಗೂ ಹಿಡಿದಿತ್ತು. ಯಜಮಾನರು ಎದುರಿಗೆ ಕೂರಿಸಿಕೊಂಡು ಕಲಿಸಿದರು. ಕೊನೆಗೆ ಒಂದು ದಿನ ತಮ್ಮ ಹಳೆಯ ಕ್ಯಾಮೆರಾ ಮೇಜಿನ ಮೇಲಿಟ್ಟು, "ನಿನ್ನ ಮೂರು ಪರದೆಗೂ ಇದಕ್ಕೂ ಸರಿಹೋತು, ನೀನೇ ಇಟ್ಕ. ನಾನು ಹೊಸದು ತಂದೀನಿ" ಅಂದರು. ಬೇರೆಯವನಾಗಿದ್ದರೆ ಕಾಲಿಗೆ ಬೀಳುತ್ತಿದ್ದ. ನನಗೆ ಅನುಮಾನ ಬಂತು. ಇಷ್ಟು ಸುಲಭಕ್ಕೆ ಕೊಡುತ್ತಾರೆ ಎಂದರೆ ಒಳಗೆ ಏನೋ ಹುಳುಕು ಇರಲೇಬೇಕು ಅನ್ನಿಸಿತು.

ಸೊರಬದಲ್ಲಿ ಟಿವಿ ರಿಪೇರಿ ಮಾಡುವ ಒಬ್ಬ ಗೆಳೆಯನಿದ್ದ. ಅವನು ಉಪಾಯ ಹೇಳಿಕೊಟ್ಟ: ಕ್ಯಾಮೆರಾದ ಹಿಂಬಾಗಿಲು ತೆಗೆದು, ಒಳಗಿನಿಂದ ಕಣ್ಣಿಟ್ಟು, ಓಡುತ್ತಿರುವ ಟಿವಿಯ ಕಡೆ ಹಿಡಿದು ಕ್ಲಿಕ್ ಮಾಡು. ಟಿವಿಯ ಮೇಲೆ ಓರೆಯಾಗಿ ಒಂದು ಬೆಳಕಿನ ಪಟ್ಟಿ ಕಾಣುತ್ತೆ. ಪಟ್ಟಿ ಈ ತುದಿಯಿಂದ ಆ ತುದಿಗೆ ಒಂದೇ ಅಗಲ ಇದ್ದರೆ ಶಟರ್ ಗಟ್ಟಿ. ಎಲ್ಲಾದರೂ ಸೊರಗಿದರೆ, ಕತ್ತರಿಸಿದರೆ ಸವೆದಿದೆ ಅಂತ ಅರ್ಥ. ಈಗಿನ ಸಾಫ್ಟ್‌ವೇರ್ ಮಾಡುವ ಕೆಲಸ ಆಗ ನಮಗೆ ಟಿವಿ ಮಾಡುತ್ತಿತ್ತು.

ಯಜಮಾನರ ಮನೆಯಲ್ಲೇ ಟಿವಿ ಇದ್ದದ್ದು. ಭಾನುವಾರ ಬೆಳಿಗ್ಗೆ ಹೋದೆ. ಓಣಿಯ ಹೆಂಗಸರು ಮಕ್ಕಳೆಲ್ಲ ದೇವರ ಸೀರಿಯಲ್ ನೋಡಲು ಪಡಸಾಲೆಯಲ್ಲಿ ಒತ್ತಾಗಿ ಕೂತಿದ್ದರು. ನಾನು ಅವರ ನಡುವೆ ಮಂಡಿಯೂರಿ, ದೇವರು ಪ್ರತ್ಯಕ್ಷನಾಗುವ ಹೊತ್ತಿಗೆ ಸರಿಯಾಗಿ ಟಕ್, ಟಕ್ ಎನ್ನಿಸತೊಡಗಿದೆ. ಯಜಮಾನರ ಹೆಂಡತಿ, "ಏನ್ರೀ ಇದು, ಈ ಮನುಷ್ಯಂಗೆ ಇವತ್ತೇ ಆಗಬೇಕಿತ್ತಾ? ಸರಿರಿ ಅತ್ಲಾಗೆ!" ಎಂದು ಗದರಿದರು. ನಾನು ಜಗ್ಗಲಿಲ್ಲ. ಬೇರೆ ವೇಗಗಳಲ್ಲೆಲ್ಲ ಪಟ್ಟಿ ಸರಿಯಾಗಿತ್ತು. ಎಲ್ಲಕ್ಕಿಂತ ಜೋರಿನ ವೇಗಕ್ಕೆ ಇಟ್ಟಾಗ ಮಾತ್ರ ಒಂದು ತುದಿಯಲ್ಲಿ ಕತ್ತರಿಸಿಹೋಯಿತು.

"ಸಿಕ್ತು!" ಎಂದು ಕೂಗಿದೆ. ಕಳ್ಳನನ್ನು ಹಿಡಿದಷ್ಟು ಖುಷಿ.

ಯಜಮಾನರು ಸಿಟ್ಟಾಗಲಿಲ್ಲ. "ಹೌದಪ್ಪ, ಆ ಸಾವಿರದ ವೇಗಕ್ಕೆ ಮಾತ್ರ ಇಡಬೇಡ. ನಾನೂ ಇಡಲ್ಲ. ನೀನು ಕೇಳಿದ್ರೆ ನಾನೇ ಹೇಳ್ತಿದ್ದೆ" ಅಂದರು. ಆಮೇಲೆ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಗೋಡೆಯ ಮೊಳೆಯಿಂದ ಒಂದು ತಂತಿ ಇಳಿಸಿದರು. ಅಂಗಡಿಯವರು ಚೀಟಿ ಚುಚ್ಚಿಡುವಂಥ ತಂತಿ. ಈ ಕ್ಯಾಮೆರಾಕ್ಕೆ ರೀಲು ಹಾಕಿದಾಗಲೆಲ್ಲ ಆ ರೀಲಿನ ರಟ್ಟಿನ ಡಬ್ಬದ ಮುಚ್ಚಳದ ತುಂಡು ಕತ್ತರಿಸಿ ಅದಕ್ಕೆ ಪೋಣಿಸಿದ್ದರು. "ಎಣಿಸ್ಕ. ಒಂದಕ್ಕೆ ಮೂವತ್ತಾರು."

ಒಂದು ಮಧ್ಯಾಹ್ನ ಪೂರ್ತಿ ಕೂತು ಎಣಿಸಿ ಗುಣಿಸಿದೆ. ಯಜಮಾನರು ನನ್ನ ಕಾಗದ ನೋಡಿದರು. ಆಮೇಲೆ ಕೆಳಗೆ ನೋಡುತ್ತಾ, "ಇದರ ಮೇಲೆ ಇನ್ನೊಂದು ಮೂರು ಸಾವಿರ ಹಾಕ್ಕೋ" ಅಂದರು.

"ಅದ್ಯಾವುದು?"

"ಬರೀ ಲೈಟು."

ಹಾಗಂದರೆ ಏನು ಎಂದು ಅವರೇ ಬಿಡಿಸಿ ಹೇಳಿದರು. ಮದುವೆಗೆ ಎರಡೋ ಮೂರೋ ರೀಲು ಅಂತ ಮಾತಾಗಿರುತ್ತದೆ. ರೀಲು ಮುಗಿದ ಮೇಲೂ ಜನ ಬಂದು ನಿಲ್ಲುತ್ತಲೇ ಇರುತ್ತಾರೆ. ಇಲ್ಲ ಅಂದರೆ ಬೇಜಾರು. ಅದಕ್ಕೇ ರೀಲು ಸುತ್ತಿ ಹೊರಗೆ ತೆಗೆದು, ಖಾಲಿ ಕ್ಯಾಮೆರಾದಲ್ಲೇ ಟಕ್ ಅನ್ನಿಸಿ ಫ್ಲ್ಯಾಶ್ ಹೊಡೆಯುವುದು. ಬಂದವರು ಖುಷಿಯಾಗಿ ಊಟಕ್ಕೆ ಹೋಗುತ್ತಾರೆ. ಯಾರಾದರೂ ಆಮೇಲೆ ಕೇಳಿದರೆ "ನಿಮ್ದು ಸರಿಯಾಗಿ ಬರ್ಲಿಲ್ಲ" ಅಂದರಾಯಿತು. ಆ ಕಾಲದ ಫೋಟೋದವರು ಬಹಳ ಜನ ಇದನ್ನು ಮಾಡುತ್ತಿದ್ದರು. "ರೀಲು ಇರಲಿ ಬಿಡಲಿ, ಒತ್ತಿದ್ರೆ ಶಟರ್ ಸವೆದಂಗೆ. ನಿಂಗೆ ಮುಚ್ಚಿಡಬಾರದು ಅಂತ ಹೇಳ್ದೆ" ಅಂದರು.

ಎಂಥ ಮನುಷ್ಯ ನೋಡಿ! ಯಾರೂ ಕೇಳದ, ಯಾವ ಟಿವಿಯಲ್ಲೂ ಕಾಣದ ಲೆಕ್ಕವನ್ನು ತಾನಾಗಿ ಒಪ್ಪಿಸಿದರು. ಅದನ್ನು ಅರ್ಥ ಮಾಡಿಕೊಳ್ಳುವ ಬುದ್ಧಿ ಆಗ ನನಗಿರಲಿಲ್ಲ. "ಥೂ, ಇದು ಮೋಸ ಯಜಮಾನ್ರೆ. ನಾನಂತೂ ಜನ್ಮದಲ್ಲಿ ಮಾಡಲ್ಲ" ಎಂದು ಎದೆ ಉಬ್ಬಿಸಿ ಹೇಳಿದೆ. "ಆಗ್ಲಿ ಬಿಡಪ್ಪ" ಅಂದು ಅವರು ತಂತಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು.

ಎರಡೇ ತಿಂಗಳು. ಯಜಮಾನರಿಗೆ ಒಂದೇ ದಿನ ಎರಡು ಮದುವೆ ಬಂದು, ಈಸೂರಿನದನ್ನು ನನಗೆ ಬಿಟ್ಟುಕೊಟ್ಟರು. ನಾನೊಬ್ಬನೇ ಹಿಡಿದ ಮೊದಲ ಮದುವೆ. ಎರಡು ರೀಲು. ಮದುಮಗಳ ಕೈಯ ಮದರಂಗಿಗೆ ಮೂರು, ದೀಪದ ಕಂಬಕ್ಕೆ ಎರಡು, ಚಪ್ಪರದ ಬಾಳೆಗೊನೆಗೆ ಒಂದು ಅಂತ ಕಲಾವಿದನ ಗತ್ತಿನಲ್ಲಿ ಹೊಡೆದೆ. ಮುಯ್ಯಿ ಮಾಡುವವರ ಸಾಲು ಮುಗಿಯುವಷ್ಟರಲ್ಲಿ ಎರಡನೇ ರೀಲೂ ಮುಗಿದಿತ್ತು. ಸದ್ಯ ಎಲ್ಲರದ್ದೂ ಆಯಿತು ಎಂದು ಬೆವರು ಒರೆಸಿಕೊಂಡು, ರೀಲು ಸುತ್ತಿ ಜೇಬಿಗೆ ಹಾಕಿದೆ.

ಆಗ ಅಡುಗೆ ಚಪ್ಪರದಿಂದ ಹೆಂಗಸರು ಬಂದರು. ಮದುವೆಗೆ ರೊಟ್ಟಿ ತಟ್ಟಲು ಕರೆಸಿದ್ದವರು, ಹನ್ನೊಂದು ಜನ. ಕೊನೆಯ ಪಂಕ್ತಿ ಎದ್ದ ಮೇಲೆಯೇ ಅವರಿಗೆ ಬಿಡುವು. ಕೈಯ ಹಿಟ್ಟು ಸೆರಗಿಗೆ ಒರೆಸುತ್ತಾ ಬಂದು ಮದುಮಕ್ಕಳ ಎರಡೂ ಕಡೆ ನಿಂತರು. ಎಲ್ಲರಿಗಿಂತ ಹಿರಿಯಳಾದ ಒಬ್ಬಾಕೆ, ಐವತ್ತೈದು ಇರಬಹುದು, "ತಮ್ಮಾ, ನಮ್ದೂ ಒಂದು ಹೊಡಿಯಪ್ಪ" ಅಂದರು. ಅವರನ್ನು ಉಳಿದವರು ರೊಟ್ಟಿ ಅವ್ವ ಎಂದು ಕರೆಯುತ್ತಿದ್ದರು.

ರೀಲು ಮುಗಿದಿದೆ ಅವ್ವಾ, ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೊದಲ ಮದುವೆ, ಮದುಮಗಳ ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ, ದೀಪದ ಕಂಬಕ್ಕೆ ಎರಡು ಹೊಡೆದದ್ದನ್ನು ಎಲ್ಲರೂ ನೋಡಿದ್ದಾರೆ. ಖಾಲಿ ಕ್ಯಾಮೆರಾ ಎತ್ತಿ ಟಕ್ ಅನ್ನಿಸಿದೆ. ಲೈಟು ಬಿತ್ತು.

"ಕಣ್ಣು ಮುಚ್ಚಿದ್ನೇನೋ. ಇನ್ನೊಂದ್ಸಲ ಹೊಡಿ ತಮ್ಮಾ" ಅಂದರು ರೊಟ್ಟಿ ಅವ್ವ. ಸೆರಗು ಸರಿಮಾಡಿಕೊಂಡು, ಕಣ್ಣು ದೊಡ್ಡದಾಗಿ ಬಿಟ್ಟು, ಉಸಿರು ಹಿಡಿದು ನಿಂತರು. ನಾನು ಇನ್ನೊಂದು ಸಲ ಟಕ್ ಅನ್ನಿಸಿದೆ.

ತಿಂಗಳು ಕಳೆದ ಮೇಲೆ ಒಂದು ಸಂತೆಯ ದಿನ ಸ್ಟುಡಿಯೋದಲ್ಲಿ ನಾನು ನಾಲ್ಕನೇ ಪರದೆ ಬರೆಯುತ್ತಿದ್ದೆ. ಯಜಮಾನರು ಒಳಗೆ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದರು. ರೊಟ್ಟಿ ಅವ್ವ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತು, ಸೊಂಟದ ಸಂಚಿಯಿಂದ ಎಲೆ ತೆಗೆದು, ರೀಲಿನ ಕಪ್ಪು ಪ್ಲಾಸ್ಟಿಕ್ ಡಬ್ಬಿಯಿಂದ ಸುಣ್ಣ ಹಚ್ಚಿದರು. ನಾನು ಆ ಡಬ್ಬಿಯನ್ನೇ ನೋಡುತ್ತಿದ್ದುದನ್ನು ಗಮನಿಸಿ, "ಇದಾ? ಇಲ್ಲಿ ಯಜಮಾನ್ರು ಕೊಟ್ಟಿದ್ದು. ಯಾವುದೋ ಮದುವ್ಯಾಗ ನನ್ನ ಫೋಟೋ ಬರ್ಲಿಲ್ಲ ಅಂತ ಡಬ್ಬಿ ಕೊಟ್ರು" ಅಂದರು.

ಆಮೇಲೆ ಬಂದ ವಿಷಯ ತೆಗೆದರು. "ತಮ್ಮಾ, ಮದುವೆ ಆಲ್ಬಂ ನೋಡಿದೆ. ಅದರಾಗ ನಾನಿಲ್ಲ. ನನ್ನ ಜತಿ ನಿಂತೋರೂ ಇಲ್ಲ. ಖರೇ ಹೇಳು. ನನ್ನ ಮುಖ ಫೋಟೋದಾಗ ಬರಲ್ಲ, ಹೌದಲ್ಲ?"

ನನಗೆ ಅರ್ಥವಾಗಲಿಲ್ಲ.

"ಎಂಟು ಮದುವ್ಯಾಗ ನಿಂತೀನಿ. ಎಂಟರಾಗೂ ಲೈಟು ಬಿದ್ದೈತಿ. ಒಂದರಾಗೂ ನಾನು ಬಂದಿಲ್ಲ. ಕೇಳಿದ್ರೆ ನಿಮ್ದು ಬರ್ಲಿಲ್ಲ ಅಂತಾರ. ಕೆಲವರ ಮುಖ ಹಂಗಿರ್ತಾವಂತ. ನನ್ನ ಸಲುವಾಗಿ ಪಕ್ಕದಾಗ ನಿಂತೋರದ್ದೂ ಕೆಡ್ತಾವು ಅಂತ ಈಗ ದೂರ ನಿಲ್ತೀನಿ." ಎಂದು ಸೆರಗಿನ ಗಂಟಿನಿಂದ ಒಂದು ಮಡಿಸಿದ ಕಾಗದ ತೆಗೆದರು. ವಿಧವಾ ವೇತನದ ಅರ್ಜಿ. ಮೂಲೆಯಲ್ಲಿ ಫೋಟೋ ಅಂಟಿಸುವ ಚೌಕ ಖಾಲಿ ಇತ್ತು. ಮಡಿಕೆಗಳು ಹರಿಯುವಷ್ಟು ಹಳತಾಗಿದ್ದವು. "ವರ್ಷ ಆತು ತಗಂಡು. ಫೋಟೋ ಹಚ್ಚಬೇಕಂತ. ಬರದೇ ಇರೋ ಮುಖ ಎಲ್ಲಿಂದ ಹಚ್ಚಲಿ? ಅದಕ್ಕ ಕೊಟ್ಟಿಲ್ಲ. ನೀನು ಹೊಸಬ, ನಿನ್ನ ಕೈಯಾಗಾದ್ರೂ ಬಂದೀನೇನೋ ಅಂದ್ಕಂಡಿದ್ದೆ."

ನನ್ನ ಕೈಯ ಕುಂಚದಿಂದ ಬಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಂದು ವರ್ಷ ಈ ಹೆಂಗಸು ತನ್ನ ಮುಖದಲ್ಲೇ ಏನೋ ಐಬು ಇದೆ ಎಂದು ನಂಬಿ ಅರ್ಜಿ ಹಿಡಿದು ಕೂತಿದ್ದರು. ಅಷ್ಟಾದರೂ ನನ್ನ ನಾಲಿಗೆ ಏನು ಮಾಡಿತು ಗೊತ್ತೇ? ಸುಳ್ಳನ್ನು ಸಿದ್ಧ ಮಾಡಿಕೊಂಡಿತು. "ಇಲ್ಲ ಅವ್ವಾ, ಆ ರೀಲಿಗೆ ಬೆಳಕು ಬಿದ್ದು..." ಎಂದು ಶುರು ಮಾಡಿದೆ.

ಕತ್ತಲೆ ಕೋಣೆಯ ಬಾಗಿಲು ತೆರೆಯಿತು. ಒದ್ದೆ ಕೈಯಲ್ಲೇ ಯಜಮಾನರು ಹೊರಗೆ ಬಂದರು. ಎಲ್ಲವೂ ಕೇಳಿಸಿತ್ತು. ನನ್ನ ಕಡೆ ನೋಡಲೇ ಇಲ್ಲ. ಆಕೆಯ ಮುಂದೆ ನೆಲದ ಮೇಲೆ ಕೂತರು. ಅವರಂಥ ಮನೆತನದವರು ಗಿರಾಕಿಯ ಮುಂದೆ ನೆಲಕ್ಕೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ತಾಯೀ, ನಿಮ್ಮ ಮುಖದ್ದು ಏನೂ ತಪ್ಪಿಲ್ಲ. ನಮ್ಮ ಕ್ಯಾಮೆರಾದಾಗ ರೀಲೇ ಇರಲಿಲ್ಲ. ನಾವು ಬರೀ ಲೈಟು ಹೊಡೆದ್ವಿ. ಆ ಎಂಟರಾಗ ಐದಾರು ನನ್ನವೇ ಇರಬೇಕು."

ನನ್ನನ್ನು ತೋರಿಸಿ 'ಇವನು' ಅನ್ನಲಿಲ್ಲ. 'ನಾವು' ಅಂದರು. ಮೂರು ತಿಂಗಳ ಹಿಂದೆ ಅವರ ಮುಖಕ್ಕೆ ಥೂ ಅಂದವನು ನಾನು. ಆ 'ನಾವು' ಅನ್ನುವ ಮಾತಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ನಾನೂ ಹೋಗಿ ಯಜಮಾನರ ಪಕ್ಕ ಕೂತೆ. "ಈಸೂರಿಂದು ನಂದು ಅವ್ವಾ. ಎರಡು ಸಲವೂ ಖಾಲಿ" ಅಂದೆ.

ರೊಟ್ಟಿ ಅವ್ವ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. ಬಾಯಲ್ಲಿದ್ದ ಎಲೆ ಅಗಿಯುವುದು ನಿಂತಿತು. "ಅಯ್ಯ ನಿಮ್ಮ ಬಾಯಾಗ ಮಣ್ಣು ಹಾಕ! ಎಂಟು ಮದುವೆ! ಉಸಿರು ಹಿಡಿದು ನಿಂತಿದ್ನಲ್ರೋ, ಬಾಡ್ಕಾವುಗಳಾ!" ಎಂದು ಬೈದರು. ಇನ್ನೂ ಬೈದರು, ಬರೆಯಲಾಗದಂಥವೂ ಅದರಲ್ಲಿದ್ದವು. ಆಮೇಲೆ ಧ್ವನಿ ಇಳಿಯಿತು. "ಹಂಗಾರೆ ನನ್ನ ಮುಖ ನೆಟ್ಟಗೈತಾ?"

"ನೆಟ್ಟಗೈತೆ ತಾಯೀ."

ಆಕೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಯಜಮಾನರು ಅಲ್ಲೇ, ಆಗಲೇ ತೆಗೆಯುತ್ತೇನೆ ಅಂದರೆ ಒಪ್ಪಲಿಲ್ಲ. "ನಾನೊಬ್ಬಾಕಿಗೆ ಬ್ಯಾಡ. ಹನ್ನೊಂದು ಜನಕ್ಕೂ ಲೈಟು ಹೊಡೆದೀರಿ. ಊರಿಗೆ ಬರ್ರಿ" ಎಂದು ಎದ್ದು ಹೋದರು.

ಮೂರನೇ ದಿನ ಯಜಮಾನರು ಸ್ಟುಡಿಯೋಗೆ ಬೀಗ ಹಾಕಿ, ಹೊಸ ರೀಲು ಹಿಡಿದು ನನ್ನ ಜೊತೆ ಈಸೂರಿನ ಬಸ್ಸು ಹತ್ತಿದರು. ರೊಟ್ಟಿ ಅವ್ವನ ಮನೆಯ ಕಟ್ಟೆಯ ಮೇಲೆ ಹನ್ನೊಂದು ಜನವೂ ತಲೆ ಬಾಚಿ, ಹೂ ಮುಡಿದು ಕೂತಿದ್ದರು. ನಾನು ಕ್ಯಾಮೆರಾ ತೆಗೆದದ್ದೇ ತಡ, "ನಿಲ್ಲು. ಮೊದ್ಲು ರೀಲು ತೋರ್ಸು" ಅಂದರು ರೊಟ್ಟಿ ಅವ್ವ.

ತೋರಿಸಿದೆ. ರೀಲು ಕೈಯಿಂದ ಕೈಗೆ ಹೋಯಿತು. ಒಬ್ಬಾಕೆ ಮೂಸಿಯೂ ನೋಡಿದರು. ಅವರ ಎದುರಿಗೇ ಕ್ಯಾಮೆರಾಕ್ಕೆ ಹಾಕಿ ಬಾಗಿಲು ಮುಚ್ಚಿದೆ. "ಈಗ ಒಳಗ ಐತೆ ಅಂತ ಏನು ಗ್ಯಾರಂಟಿ?" ಎಂದು ಇನ್ನೊಬ್ಬಾಕೆ ಕೇಳಿದರು. ಅದಕ್ಕೆ ಉತ್ತರವಿತ್ತು. ಕ್ಯಾಮೆರಾದ ತಲೆಯ ಎಡಗಡೆ ರೀಲು ವಾಪಸ್ ಸುತ್ತುವ ಗುಂಡಿ ಇರುತ್ತದೆ. ಒಳಗೆ ರೀಲಿದ್ದರೆ, ಪ್ರತಿ ಫೋಟೋ ಆದ ಮೇಲೆ ರೀಲು ಮುಂದಕ್ಕೆ ಸರಿಸುವ ಲಿವರ್ ಎಳೆದಾಗ ಆ ಗುಂಡಿ ತಾನಾಗಿ ತಿರುಗುತ್ತದೆ. ಖಾಲಿ ಇದ್ದರೆ ಅಲುಗಾಡುವುದಿಲ್ಲ. ಅದನ್ನು ಹೇಳಿಕೊಟ್ಟೆ.

"ಗುಟ್ಟೆಲ್ಲಾ ಬಿಟ್ಟುಕೊಟ್ಟೆಲ್ಲೋ ಮಾರಾಯ" ಎಂದು ಯಜಮಾನರು ಹಣೆ ಚಚ್ಚಿಕೊಂಡರು, ಆದರೆ ನಗುತ್ತಿದ್ದರು.

ಸರತಿಯ ಮೇಲೆ ಒಬ್ಬೊಬ್ಬರು ನನ್ನ ಹೆಗಲ ಪಕ್ಕ ಕಾವಲು ನಿಂತರು. ಫೋಟೋ ಹೊಡೆದು ಲಿವರ್ ಎಳೆದಾಗಲೆಲ್ಲ "ತಿರುಗ್ತೇ!" ಎಂದು ಕೂಗುವುದು, ಕಟ್ಟೆಯ ಮೇಲಿದ್ದವರು ಹೋ ಅನ್ನುವುದು. ಮೂವತ್ತಾರೂ ಅವರಿಗೇ. ಒಬ್ಬೊಬ್ಬರದೇ, ಜೋಡಿ, ಎಲ್ಲರೂ ಸೇರಿ. ರೊಟ್ಟಿ ಅವ್ವ ಮೊದಮೊದಲು ಅಭ್ಯಾಸದಿಂದ ಅಂಚಿಗೆ ಸರಿದು ನಿಂತರು. ಉಳಿದವರು ಎಳೆದು ನಡುವೆ ಕೂರಿಸಿದರು.

ಬಣ್ಣದ ರೀಲು ತೊಳೆಯಲು ಶಿವಮೊಗ್ಗಕ್ಕೆ ಹೋಗಬೇಕಿತ್ತು. ವಾಪಸ್ ಬರುವ ತನಕ ನನಗೆ ನಿದ್ದೆ ಇಲ್ಲ. ಸವೆದ ಶಟರ್, ಏನಾದರೂ ಹೆಚ್ಚುಕಮ್ಮಿ ಆದರೆ? ಈ ಸಲವೂ ಬರದಿದ್ದರೆ ಯಾವ ದೇವರು ಬಂದು ಹೇಳಿದರೂ ಆಕೆ ನಂಬುವುದಿಲ್ಲ. ರೊಟ್ಟಿ ಅವ್ವ ಕಾಯದೆ ತಾವೇ ಸ್ಟುಡಿಯೋಗೆ ಬಂದರು. ಕೈಯನ್ನು ಎರಡು ಸಲ ಸೆರಗಿಗೆ ಒರೆಸಿಕೊಂಡು ಫೋಟೋ ತೆಗೆದುಕೊಂಡರು.

"ಬಂದೀನಿ," ಅಂದರು ಮೆಲ್ಲಗೆ. ಆಮೇಲೆ ಬೀದಿಗೆ ಕೇಳುವಂತೆ, "ಬಂದೀನಲ್ಲೋ ತಮ್ಮಾ! ನಾನೇ ಇದು! ಬಂದೀನಿ!"

ನನಗೆ ಅಳು ಬಂತು. ಪರದೆಯ ಹಿಂದೆ ಹೋಗಿ, ಕೋಳಿಯಂಥ ಆ ಹಂಸದ ಹಿಂದೆ ನಿಂತು ಅತ್ತೆ. ಯಜಮಾನರು ಆಕೆಯ ಸಣ್ಣ ಫೋಟೋ ನಾಲ್ಕು ಮಾಡಿಕೊಟ್ಟು, ಅರ್ಜಿಯ ಚೌಕಕ್ಕೆ ತಾವೇ ಅಂಟು ಹಚ್ಚಿ ಒತ್ತಿದರು.

ಆ ಗುಂಡಿಯ ಗುಟ್ಟು ಈಸೂರಿನಲ್ಲೇ ಉಳಿಯಲಿಲ್ಲ. ರೊಟ್ಟಿ ತಟ್ಟುವವರು ಹೋದ ಮದುವೆಗೆಲ್ಲ ಅದೂ ಹೋಯಿತು. ಸೊರಬದ ಕಡೆಯ ಚಪ್ಪರಗಳಲ್ಲೂ ಹೆಂಗಸರು "ಗುಂಡಿ ತಿರುಗ್ತಾ ನೋಡ್ರೇ" ಎಂದು ಕೂಗುವುದನ್ನು ನಾನೇ ಕೇಳಿದ್ದೇನೆ. ಇವರಿಗೆ ಇದನ್ನು ಕಲಿಸಿದ ಪುಣ್ಯಾತ್ಮ ಯಾರೋ ಎಂದು ಬೇರೆ ಫೋಟೋದವರು ನನ್ನೆದುರಿಗೇ ಶಪಿಸಿದರು. ಅವತ್ತಿನಿಂದ ನನ್ನ ಮದುವೆಗಳಲ್ಲಿ ಮೊದಲ ಫೋಟೋ ಅಡುಗೆ ಚಪ್ಪರದ್ದೇ.

ಎರಡು ವರ್ಷದ ಮೇಲೆ ಈಸೂರಿನಲ್ಲೇ ಇನ್ನೊಂದು ಮದುವೆ. ಶಿವಮೊಗ್ಗದಿಂದ ಬಂದ ಕವರು ಬಿಚ್ಚಿ ನೋಡಿದೆ. ಅಡುಗೆ ಚಪ್ಪರದ ಫೋಟೋದಲ್ಲಿ ಬಲಗಡೆ ಪೂರಾ ಕಪ್ಪು, ಅದೂ ಸರಿಯಾಗಿ ರೊಟ್ಟಿ ಅವ್ವನ ಅರ್ಧ ಮುಖ ನುಂಗಿತ್ತು. ಸಿಗಬೇಕಿದ್ದದ್ದು ಆಕೆಯೇನಾ! ಹರಿದು ಬಿಸಾಡಲೇ ಅನ್ನಿಸಿತು. ಬರ್ಲಿಲ್ಲ ಅಂದುಬಿಡಲೇ? ಆ ಮಾತು ಮತ್ತೆ ಬಾಯಿಗೆ ಬಂದದ್ದಕ್ಕೇ ಹೇಸಿಗೆಯಾಯಿತು. ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಆಕೆ ಹಳೆಯ ಭ್ರಮೆಗೆ ವಾಪಸ್ ಬೀಳುತ್ತಾರೆ, ಇನ್ನು ಮೇಲೆ ಮತ್ತೆ ಅಂಚಿಗೆ ಸರಿದು ನಿಲ್ಲುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ.

ರೊಟ್ಟಿ ಅವ್ವ ಫೋಟೋವನ್ನು ಬಿಸಿಲಿಗೆ ಹಿಡಿದು ನೋಡಿದರು. ತಿರುಗಿಸಿ ಬೆನ್ನೂ ನೋಡಿದರು. ಆಮೇಲೆ ನನ್ನ ಕೈಗೆ ವಾಪಸ್ ಕೊಟ್ಟು, ಸುಣ್ಣದ ಡಬ್ಬಿ ತೆಗೆದರು.

"ರೀಲು ಇತ್ತು, ಗುಂಡಿ ತಿರುಗಿದ್ದು ನಾನೇ ನೋಡೀನಿ. ನನ್ನ ಮುಖದಾಗಂತೂ ಏನೂ ತಪ್ಪಿಲ್ಲ. ನಿನ್ನ ಕ್ಯಾಮೆರಾಕ್ಕ ವಯಸ್ಸಾತು ತಮ್ಮಾ, ಒಯ್ದು ತೋರಿಸ್ಕ."

ಆ ಭಾನುವಾರ ಯಜಮಾನರ ಮನೆಗೆ ಹೋಗಿ, ಟಿವಿಯ ಮುಂದೆ ಮಂಡಿಯೂರಿ, ಹಿಂಬಾಗಿಲು ತೆಗೆದು ನೋಡಿದೆ. ಮದುವೆಗೆ ಇಡುವ ಮಾಮೂಲಿ ವೇಗದಲ್ಲೂ ಈಗ ಪಟ್ಟಿ ಒಂದು ತುದಿಯಲ್ಲಿ ಕತ್ತರಿಸಿಹೋಗುತ್ತಿತ್ತು. ಆಕೆ ಹೇಳಿದ್ದೇ ಸರಿಯಾಗಿತ್ತು.